ಸುದ್ದಿಗೆ ಬೇಕು, ಸಂಬಳದ ಪಟ್ಟಿಗೆ ಬೇಡ: ಏಷ್ಯಾ ಮೂಲದ ಫ್ರೀಲಾನ್ಸ್ ಪತ್ರಕರ್ತೆಯರಿಗೆ ಕೋವಿಡ್ ಕಾಲ ಕಲಿಸಿದ್ದೇನು?

ವಿದೇಶಿ ಪತ್ರಕರ್ತರಿಗೆ ನೀಡುವ ‘ಐ’ ವೀಸಾದಡಿ ವಾಸ್ತವ್ಯವನ್ನು ಒಮ್ಮೆಗೆ ಗರಿಷ್ಠ 240 ದಿನಗಳಿಗೆ ಸೀಮಿತಗೊಳಿಸುವ ಪ್ರಸ್ತಾವವನ್ನು ಅಮೆರಿಕದ ಆಂತರಿಕ ಭದ್ರತಾ ಇಲಾಖೆ 2025ರ ಆಗಸ್ಟ್‌ನಲ್ಲಿ ಮುಂದಿಟ್ಟಿತು. ಚೀನಾ ಪಾಸ್‌ಪೋರ್ಟ್ ಇರುವವರಿಗೆ ಈ ಮಿತಿ ಕೇವಲ 90 ದಿನ. ಪ್ರಸ್ತಾವ ಹೊಸದೇನಲ್ಲ. 240 ದಿನಗಳ ಮಿತಿಯ ಮಾತು ಮೊದಲು ಕೇಳಿಬಂದದ್ದು 2020ರ ಸೆಪ್ಟೆಂಬರ್‌ನಲ್ಲಿ, ಕೋವಿಡ್ ಹಾವಳಿಯ ನಡುವೆ. ಬೈಡನ್ ಆಡಳಿತ 2021ರಲ್ಲಿ ಅದನ್ನು ಹಿಂಪಡೆದಿತ್ತು. ಈಗ ಅದೇ ಕಡತ ಮತ್ತೆ ಮೇಜಿನ ಮೇಲೆ ಬಂದಿದೆ.

ದೊಡ್ಡ ಸುದ್ದಿಸಂಸ್ಥೆಯ ವರದಿಗಾರರಿಗೆ ಇದು ತಲೆನೋವು. ಆದರೂ ಅರ್ಜಿ ತುಂಬಲು ಸಂಸ್ಥೆಯ ವಕೀಲರಿದ್ದಾರೆ, ಶುಲ್ಕ ಕಟ್ಟಲು ಸಂಸ್ಥೆಯಿದೆ, ತೀರ್ಮಾನ ಬರುವವರೆಗೆ ಸಂಬಳವೂ ಬರುತ್ತದೆ. ಬಿಡಿ ಲೇಖನಗಳನ್ನು ನೆಚ್ಚಿಕೊಂಡು ಬದುಕುವ ಫ್ರೀಲಾನ್ಸ್ ಪತ್ರಕರ್ತೆಗೆ ಈ ಮೂರೂ ಇಲ್ಲ. ಏಳೆಂಟು ತಿಂಗಳಿಗೊಮ್ಮೆ ತಾನು ಪತ್ರಕರ್ತೆ ಎಂದು ಆಕೆ ಹೊಸದಾಗಿ ರುಜುವಾತುಪಡಿಸಬೇಕು.

ಕೋವಿಡ್ ಕಾಲದಲ್ಲಿ ಅಮೆರಿಕ ಮತ್ತು ಬ್ರಿಟನ್‌ನ ಏಷ್ಯಾ ಮೂಲದ ಸ್ವತಂತ್ರ ಪತ್ರಕರ್ತೆಯರು ಎದುರಿಸಿದ ಕಷ್ಟಗಳ ಬೇರು ಇಲ್ಲೇ ಇದೆ. ಸುದ್ದಿಮನೆಗಳಿಗೆ ಅವರ ಭಾಷೆ ಬೇಕಿತ್ತು, ಸಮುದಾಯದೊಳಗಿನ ಅವರ ಸಂಪರ್ಕ ಬೇಕಿತ್ತು. ಆದರೆ ಆ ಕೆಲಸದಲ್ಲಿ ಅಡಗಿದ್ದ ಅಪಾಯವನ್ನು ಹಂಚಿಕೊಳ್ಳಲು ಯಾರೂ ಸಿದ್ಧರಿರಲಿಲ್ಲ. ಸೋಂಕು, ಜನಾಂಗೀಯ ನಿಂದನೆ, ಆದಾಯ ನಷ್ಟ, ಮನೆಯ ಹೊಣೆ, ವೀಸಾ ಎಲ್ಲವೂ ಒಬ್ಬಳ ಹೆಗಲಿಗೇ ಬಿದ್ದವು. ಪರಿಹಾರ ಯೋಜನೆಗಳು ಬಂದವು ನಿಜ. ಅವುಗಳಲ್ಲಿ ಹೆಚ್ಚಿನವು ಒಂದೊಂದು ಕಷ್ಟವನ್ನು ಮಾತ್ರ ನೋಡಿದವು. ಎಲ್ಲ ಕಷ್ಟಗಳೂ ಕೂಡುವ ಜಾಗದಲ್ಲಿ ನಿಂತವಳು ಯಾವ ಯೋಜನೆಗೂ ಪೂರ್ತಿ ಕಾಣಲಿಲ್ಲ.

‘ಹವ್ಯಾಸಿ’ ಎಂಬ ಪದದ ತೊಡಕು

ಫ್ರೀಲಾನ್ಸರ್ ಎಂಬುದಕ್ಕೆ ಕನ್ನಡ ಪತ್ರಿಕೆಗಳು ಬಹುಕಾಲದಿಂದ ಬಳಸುತ್ತಿರುವ ಪದ ‘ಹವ್ಯಾಸಿ ಪತ್ರಕರ್ತ’. ಬಿಡುವಿದ್ದಾಗ ಬರೆಯುವವರು, ಬದುಕಿಗೆ ಬೇರೆ ಆಧಾರ ಇರುವವರು ಎಂಬ ಭಾವ ಅದರಲ್ಲಿದೆ. ಹಿಂದೆ ಅದು ಬಹುಮಟ್ಟಿಗೆ ನಿಜವೂ ಆಗಿತ್ತು. ಈಗಿನ ಲೆಕ್ಕ ಬೇರೆ. ಪ್ಯೂ ರಿಸರ್ಚ್ ಸೆಂಟರ್ 2022ರಲ್ಲಿ ಸುಮಾರು 12 ಸಾವಿರ ಅಮೆರಿಕನ್ ಪತ್ರಕರ್ತರ ಸಮೀಕ್ಷೆ ನಡೆಸಿದಾಗ ಶೇ 34ರಷ್ಟು ಮಂದಿ ತಾವು ಫ್ರೀಲಾನ್ಸರ್ ಅಥವಾ ಸ್ವಯಂ ಉದ್ಯೋಗಿ ಎಂದಿದ್ದರು. ಅಂದರೆ ಮೂವರಲ್ಲಿ ಒಬ್ಬರು. ಅದೇ ಸಮೀಕ್ಷೆಯಲ್ಲಿ ಏಷ್ಯಾ ಮೂಲದವರ ಪಾಲು ಶೇ 3 ಮಾತ್ರ. ಅಮೆರಿಕದ ಜನಸಂಖ್ಯೆಯಲ್ಲಿ ಅವರ ಪಾಲು ಇದರ ಸುಮಾರು ಎರಡು ಪಟ್ಟು.

ಬ್ರಿಟನ್‌ನ ಚಿತ್ರವೂ ಹೆಚ್ಚು ಭಿನ್ನವಲ್ಲ. ಲಂಡನ್‌ನ ಸಿಟಿ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಲ್ಲಿನ ಪತ್ರಕರ್ತರಲ್ಲಿ ಶೇ 94ರಷ್ಟು ಮಂದಿ ಬಿಳಿಯರು. ಇಲ್ಲೊಂದು ವ್ಯತ್ಯಾಸ ಗಮನಿಸಬೇಕು. ಅಮೆರಿಕದಲ್ಲಿ ‘ಏಷ್ಯನ್’ ಎಂದರೆ ಸಾಮಾನ್ಯವಾಗಿ ಚೀನಾ, ಕೊರಿಯಾ, ಜಪಾನ್ ಮೂಲದವರು ಕಣ್ಣಮುಂದೆ ಬರುತ್ತಾರೆ. ಬ್ರಿಟನ್‌ನಲ್ಲಿ ಅದೇ ಪದ ಭಾರತ, ಪಾಕಿಸ್ತಾನ, ಬಾಂಗ್ಲಾದೇಶ ಮೂಲದವರನ್ನು ಸೂಚಿಸುತ್ತದೆ. ಕೋವಿಡ್ ಕಾಲದಲ್ಲಿ ಮೊದಲನೆಯವರನ್ನು ಮುಖ್ಯವಾಗಿ ಕಾಡಿದ್ದು ನಿಂದನೆ ಮತ್ತು ಹಲ್ಲೆ. ಎರಡನೆಯವರನ್ನು ಕಾಡಿದ್ದು ಸೋಂಕು ಮತ್ತು ಸಾವು.

ಫ್ರೀಲಾನ್ಸ್ ದುಡಿಮೆ ನಡೆಯುವ ರೀತಿಯನ್ನೂ ತಿಳಿದಿರಬೇಕು. ವಿಷಯದ ಪ್ರಸ್ತಾವ ಕಳಿಸಿ ಸಂಪಾದಕರ ಒಪ್ಪಿಗೆಗೆ ಕಾಯಬೇಕು. ಒಪ್ಪಿದ ಮೇಲೆ ಓಡಾಟದ ಖರ್ಚು ಬಹಳಷ್ಟು ಸಲ ಕೈಯಿಂದಲೇ. ಹಣ ಬರುವುದು ಅನೇಕ ಕಡೆ ಲೇಖನ ಪ್ರಕಟವಾದ ಬಳಿಕ. ಬರೆದು ಕೊಟ್ಟ ಲೇಖನವನ್ನು ಸಂಸ್ಥೆ ಕೈಬಿಟ್ಟರೆ ‘ಕಿಲ್ ಫೀ’ ಎಂಬ ಹೆಸರಲ್ಲಿ ಒಪ್ಪಿದ ಮೊತ್ತದ ಒಂದು ಭಾಗ ಸಿಗುತ್ತದೆ, ಅದೂ ಒಪ್ಪಂದದಲ್ಲಿ ಬರೆದಿದ್ದರೆ. ಸಂಬಳಸಹಿತ ರಜೆಯಿಲ್ಲ. ಆರೋಗ್ಯ ವಿಮೆ ಬಹುಪಾಲು ನೌಕರಿಯ ಜೊತೆಗೇ ಬರುವ ಅಮೆರಿಕದಲ್ಲಿ ಫ್ರೀಲಾನ್ಸರ್ ವಿಮೆಯನ್ನು ಸ್ವಂತ ಹಣದಿಂದ ಕೊಳ್ಳಬೇಕು, ಇಲ್ಲವೇ ಸಂಗಾತಿಯ ನೌಕರಿಯ ವಿಮೆಯನ್ನು ಅವಲಂಬಿಸಬೇಕು. ಮಹಾಮಾರಿ ಬಂದಾಗ ಇವರು ನಿಂತಿದ್ದ ನೆಲ ಇಂಥದ್ದು.

ಮೊದಲು ಕತ್ತರಿ ಬಿದ್ದದ್ದು ಎಲ್ಲಿ?

2020ರ ಎರಡನೇ ತ್ರೈಮಾಸಿಕದಲ್ಲಿ ಅಮೆರಿಕದ ಷೇರುಪೇಟೆಯಲ್ಲಿರುವ ಪತ್ರಿಕಾ ಕಂಪನಿಗಳ ಜಾಹೀರಾತು ಆದಾಯ ಹಿಂದಿನ ವರ್ಷದ ಇದೇ ಅವಧಿಗಿಂತ ಸುಮಾರು ಶೇ 42ರಷ್ಟು ಕುಸಿಯಿತು ಎಂದು ಪ್ಯೂ ಲೆಕ್ಕ ಹಾಕಿತ್ತು. ಖರ್ಚು ತಗ್ಗಿಸಬೇಕಾದ ಸಂಪಾದಕನ ಕೈಗೆ ಮೊದಲು ಸಿಗುವುದು ಹೊರಗಿನವರಿಗೆ ಕೊಡುವ ಹಣ. ನೌಕರನನ್ನು ತೆಗೆಯಲು ನೋಟಿಸ್ ಕೊಡಬೇಕು, ಪರಿಹಾರ ಕೊಡಬೇಕು. ಫ್ರೀಲಾನ್ಸರ್‌ಗೆ ಕೆಲಸ ಕೊಡದಿರಲು ಒಂದು ಇಮೇಲ್‌ಗೆ ಉತ್ತರಿಸದಿದ್ದರೆ ಸಾಕು. ಪ್ರವಾಸ, ಆಹಾರ, ಸಂಸ್ಕೃತಿ, ಕ್ರೀಡೆಯಂಥ ವಿಭಾಗಗಳು ಲಾಕ್‌ಡೌನ್‌ನಲ್ಲಿ ಸೊರಗಿದಾಗ ಅವುಗಳಿಗೆ ಬರೆದೇ ಬದುಕುತ್ತಿದ್ದವರ ಕೈ ಬರಿದಾಯಿತು.

ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ಪೆಟ್ಟು ಮೊದಲೇ ಬಿದ್ದಿತ್ತು. ಆ್ಯಪ್ ಆಧಾರಿತ ಚಾಲಕರಂಥವರನ್ನು ನೌಕರರೆಂದು ಪರಿಗಣಿಸಬೇಕು ಎಂಬ ಉದ್ದೇಶದ ಎಬಿ 5 ಕಾಯ್ದೆ ಅಲ್ಲಿ 2020ರ ಜನವರಿ 1ರಂದು ಜಾರಿಗೆ ಬಂತು. ಒಂದು ಪತ್ರಿಕೆಗೆ ವರ್ಷಕ್ಕೆ 35ಕ್ಕಿಂತ ಹೆಚ್ಚು ಲೇಖನ ಬರೆಯುವವರನ್ನು ಸ್ವತಂತ್ರ ಬರಹಗಾರರೆಂದು ಪರಿಗಣಿಸಲಾಗದು ಎಂಬ ಮಿತಿ ಅದರಲ್ಲಿತ್ತು. ಅವರನ್ನು ನೌಕರಿಗೆ ಸೇರಿಸಿಕೊಳ್ಳಲಿ ಎಂಬುದು ಶಾಸನಕಾರರ ಆಶಯ. ಆದದ್ದು ಬೇರೆ. ವಾಕ್ಸ್ ಮೀಡಿಯಾ ತನ್ನ ಕ್ರೀಡಾ ಜಾಲತಾಣಗಳಿಗೆ ಬರೆಯುತ್ತಿದ್ದ ಕ್ಯಾಲಿಫೋರ್ನಿಯಾದ ಸುಮಾರು 200 ಫ್ರೀಲಾನ್ಸರ್‌ಗಳ ಒಪ್ಪಂದವನ್ನು 2019ರ ಡಿಸೆಂಬರ್‌ನಲ್ಲೇ ಕೊನೆಗೊಳಿಸಲು ನಿರ್ಧರಿಸಿತು. ಲೇಖನ ಮಿತಿ ರದ್ದಾದದ್ದು 2020ರ ಸೆಪ್ಟೆಂಬರ್‌ನಲ್ಲಿ. ಅಷ್ಟರಲ್ಲಿ ಲಾಕ್‌ಡೌನಿನ ಮೊದಲ ಆರು ತಿಂಗಳು ಕಳೆದಿತ್ತು. ಅಮೆರಿಕದಲ್ಲಿ ಏಷ್ಯಾ ಮೂಲದವರು ಅತಿ ಹೆಚ್ಚಿನ ಸಂಖ್ಯೆಯಲ್ಲಿರುವ ರಾಜ್ಯವೂ ಕ್ಯಾಲಿಫೋರ್ನಿಯಾವೇ ಎಂಬುದನ್ನು ಇಲ್ಲಿ ನೆನೆಯಬೇಕು.

ಪರಿಹಾರ ಬಂತು, ಲೆಕ್ಕ ಕೂಡಲಿಲ್ಲ

2020ರ ಮಾರ್ಚ್ 27ರಂದು ಸಹಿಯಾದ ಕೇರ್ಸ್ ಕಾಯ್ದೆ ಸ್ವಯಂ ಉದ್ಯೋಗಿಗಳಿಗೂ ನಿರುದ್ಯೋಗ ಭತ್ಯೆ ಕೊಟ್ಟಿತು. ಅಮೆರಿಕದ ಮಟ್ಟಿಗೆ ಇದು ದೊಡ್ಡ ಹೆಜ್ಜೆ. ಜುಲೈ ಕೊನೆಯವರೆಗೆ ವಾರಕ್ಕೆ 600 ಡಾಲರ್ ಹೆಚ್ಚುವರಿ ಮೊತ್ತವೂ ಸಿಕ್ಕಿತು. ಆದರೆ ಒಂದು ಕೊಕ್ಕೆಯಿತ್ತು. ಸ್ವಲ್ಪವಾದರೂ ಸಂಬಳದ ಆದಾಯವಿದ್ದು, ಅದರ ಮೇಲೆ ಸಾಮಾನ್ಯ ನಿರುದ್ಯೋಗ ಭತ್ಯೆಗೆ ಅರ್ಹತೆ ಬಂದರೆ, ಹೊಸ ಯೋಜನೆ ಅವರಿಗೆ ಅನ್ವಯಿಸುತ್ತಿರಲಿಲ್ಲ.

ಉದಾಹರಣೆಗೆ, ವರ್ಷಕ್ಕೆ 35 ಸಾವಿರ ಡಾಲರ್ ಬರವಣಿಗೆಯಿಂದಲೂ 8 ಸಾವಿರ ಡಾಲರ್ ಅರೆಕಾಲಿಕ ಪಾಠದಿಂದಲೂ ಗಳಿಸುತ್ತಿದ್ದ ಮಹಿಳೆಯ ಭತ್ಯೆ ಆ 8 ಸಾವಿರದ ಮೇಲೆ ನಿರ್ಧಾರವಾಗುತ್ತಿತ್ತು. ಬರವಣಿಗೆಯ ಆದಾಯ ಲೆಕ್ಕಕ್ಕೇ ಬರುತ್ತಿರಲಿಲ್ಲ. ಬಾಡಿಗೆ ಕಟ್ಟಲು ಬರವಣಿಗೆಯ ಜೊತೆ ಪಾಠ, ಅನುವಾದ, ಕಾಪಿ ತಿದ್ದುವ ಕೆಲಸ ಮಾಡುವವರಿಗೆ ಅವರ ಎಚ್ಚರಿಕೆಯೇ ಮುಳುವಾಯಿತು. 2020ರ ಡಿಸೆಂಬರ್‌ನ ಕಾಯ್ದೆ ಇಂಥವರಿಗೆ ವಾರಕ್ಕೆ 100 ಡಾಲರ್ ಹೆಚ್ಚುವರಿ ಕೊಡಲು ಒಪ್ಪಿತು. ತಪ್ಪು ಒಪ್ಪಿಕೊಳ್ಳಲು ಒಂಬತ್ತು ತಿಂಗಳು ಹಿಡಿಯಿತು.

ಬ್ರಿಟನ್ ಸರ್ಕಾರ ಸ್ವಯಂ ಉದ್ಯೋಗಿಗಳಿಗೆ ಪ್ರಕಟಿಸಿದ ನೆರವು ಕೇಳಲು ಉದಾರವಾಗಿಯೇ ಇತ್ತು. ಸರಾಸರಿ ಮಾಸಿಕ ಲಾಭದ ಶೇ 80, ತಿಂಗಳಿಗೆ ಗರಿಷ್ಠ 2,500 ಪೌಂಡ್. ಷರತ್ತುಗಳನ್ನು ಓದಿದಾಗ ಚಿತ್ರ ಬದಲಾಗುತ್ತಿತ್ತು. ಒಟ್ಟು ಆದಾಯದಲ್ಲಿ ಕನಿಷ್ಠ ಅರ್ಧ ಸ್ವಯಂ ಉದ್ಯೋಗದಿಂದ ಬಂದಿರಬೇಕು. 2019ರ ಏಪ್ರಿಲ್ ನಂತರ ಸ್ವಂತ ದುಡಿಮೆ ಆರಂಭಿಸಿದವರಿಗೆ ಮೊದಲ ಹಂತಗಳಲ್ಲಿ ಏನೂ ಇಲ್ಲ. ಈಗಷ್ಟೇ ವೃತ್ತಿಗೆ ಬಂದ ಯುವತಿಯರು ಬಹುಪಾಲು ಇಲ್ಲೇ ಹೊರಬಿದ್ದರು.

ಹೆರಿಗೆಯ ವಿಷಯದಲ್ಲಿ ಲೆಕ್ಕ ಇನ್ನೂ ಬಿಗಿಯಾಗಿತ್ತು. ಸರಾಸರಿಯನ್ನು ಮೂರು ತೆರಿಗೆ ವರ್ಷಗಳ ಲಾಭದಿಂದ ತೆಗೆಯಲಾಗುತ್ತಿತ್ತು. ವರ್ಷಕ್ಕೆ 24 ಸಾವಿರ ಪೌಂಡ್ ಲಾಭವಿದ್ದ ಮಹಿಳೆಗೆ ತಿಂಗಳಿಗೆ 1,600 ಪೌಂಡ್ ಸಿಗಬೇಕು. ನಡುವಿನ ಒಂದು ವರ್ಷ ಹೆರಿಗೆ, ಬಾಣಂತನದಿಂದಾಗಿ ಲಾಭ 6 ಸಾವಿರಕ್ಕೆ ಇಳಿದಿದ್ದರೆ ಸರಾಸರಿ 18 ಸಾವಿರವಾಗುತ್ತದೆ, ನೆರವು 1,200ಕ್ಕೆ ಇಳಿಯುತ್ತದೆ. ಹೆತ್ತದ್ದಕ್ಕೆ ತಿಂಗಳಿಗೆ 400 ಪೌಂಡ್ ಖೋತಾ. ಮಹಿಳಾ ಸಂಘಟನೆಯೊಂದು ಇದನ್ನು ನ್ಯಾಯಾಲಯಕ್ಕೆ ಒಯ್ದಿತು. ಯೋಜನೆ ಮಹಿಳೆಯರ ವಿರುದ್ಧ ಪರೋಕ್ಷ ತಾರತಮ್ಯ ಮಾಡಿದೆ ಎಂದು ಮೇಲ್ಮನವಿ ನ್ಯಾಯಾಲಯ 2021ರ ನವೆಂಬರ್‌ನಲ್ಲಿ ಒಪ್ಪಿತು. ಆದರೆ ತುರ್ತಿನ ಸಂದರ್ಭದಲ್ಲಿ ಅದು ಸಮರ್ಥನೀಯ ಎಂದೂ ಹೇಳಿತು. ಹಣ ಮಾತ್ರ ಸಿಗಲಿಲ್ಲ.

ಬೀದಿಯಲ್ಲಿ ಕಾಣುವುದು ಮುಖ

ಮನೆಯಲ್ಲೇ ಕೂತು ಬರೆಯಬಹುದಲ್ಲ ಎಂಬ ಸಲಹೆ ಎಲ್ಲ ಪತ್ರಕರ್ತರಿಗೂ ಹೊಂದುವುದಿಲ್ಲ. ಫೋಟೊ ತೆಗೆಯುವವರು, ವಿಡಿಯೊ ಮಾಡುವವರು, ಆಸ್ಪತ್ರೆ ಮತ್ತು ಚೈನಾಟೌನ್‌ಗಳಿಂದ ವರದಿ ಮಾಡುವವರು ಹೊರಗೆ ಹೋಗಲೇಬೇಕು. ಅದೇ ಹೊತ್ತಿಗೆ ಅಮೆರಿಕದ ಬೀದಿಗಳಲ್ಲಿ ಏಷ್ಯಾ ಮೂಲದವರ ಮೇಲೆ ನಿಂದನೆ ಏರುತ್ತಿತ್ತು.

ಇಂಥ ಘಟನೆಗಳನ್ನು ದಾಖಲಿಸಲೆಂದೇ 2020ರ ಮಾರ್ಚ್ 19ರಂದು ಆರಂಭವಾದ ಸ್ಟಾಪ್ ಎಎಪಿಐ ಹೇಟ್ ಎಂಬ ಒಕ್ಕೂಟಕ್ಕೆ 2021ರ ಫೆಬ್ರುವರಿ ಕೊನೆಯವರೆಗೆ 3,795 ದೂರುಗಳು ಬಂದವು. ದೂರು ಕೊಟ್ಟವರಲ್ಲಿ ಶೇ 68ರಷ್ಟು ಮಹಿಳೆಯರು. ಇವು ಜನರು ತಾವಾಗಿ ಹೇಳಿಕೊಂಡ ಘಟನೆಗಳು, ಪೊಲೀಸ್ ಅಂಕಿ-ಅಂಶಗಳಲ್ಲ. ಹಾಗಾಗಿ ನಿಜವಾದ ಪ್ರಮಾಣವನ್ನು ಇದರಿಂದ ಅಳೆಯಲಾಗದು. ಆದರೆ ಮಹಿಳೆಯರೇ ಹೆಚ್ಚು ಗುರಿಯಾದರು ಎಂಬ ಸೂಚನೆ ಇದರಲ್ಲಿ ಸ್ಪಷ್ಟವಾಗಿದೆ.

ಸ್ಥಾನಮಾನ ಇದ್ದವರೂ ಇದರಿಂದ ತಪ್ಪಿಸಿಕೊಳ್ಳಲಿಲ್ಲ. ಶ್ವೇತಭವನದ ಅಧಿಕಾರಿಯೊಬ್ಬರು ಕೊರೊನಾವನ್ನು ‘ಕುಂಗ್ ಫ್ಲೂ’ ಎಂದು ತನ್ನ ಎದುರೇ ಕರೆದರು ಎಂದು ಸಿಬಿಎಸ್ ವಾಹಿನಿಯ ವರದಿಗಾರ್ತಿ ವೇಜಿಯಾ ಜಿಯಾಂಗ್ 2020ರ ಮಾರ್ಚ್‌ನಲ್ಲಿ ಬಹಿರಂಗಪಡಿಸಿದರು. ಆಕೆ ಚೀನಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದವರು. ಅದೇ ವರ್ಷ ಮೇ 11ರಂದು ಕೋವಿಡ್ ಪರೀಕ್ಷೆಗಳ ಬಗ್ಗೆ ಆಕೆ ಕೇಳಿದ ಪ್ರಶ್ನೆಗೆ ಅಧ್ಯಕ್ಷ ಟ್ರಂಪ್, ಇದನ್ನು ಚೀನಾಕ್ಕೆ ಕೇಳಿ ಎಂದರು. ತನಗೇ ಏಕೆ ಹೀಗೆ ಹೇಳುತ್ತಿದ್ದೀರಿ ಎಂದು ಆಕೆ ಮರುಪ್ರಶ್ನೆ ಹಾಕಿದರು. ಸ್ವಲ್ಪ ಹೊತ್ತಿನಲ್ಲೇ ಟ್ರಂಪ್ ಪತ್ರಿಕಾಗೋಷ್ಠಿ ಮುಗಿಸಿ ಹೊರಟರು. ಜಗತ್ತು ಅದನ್ನು ನೋಡಿತು. ಆಕೆಯ ಹಿಂದೆ ದೊಡ್ಡ ವಾಹಿನಿಯಿತ್ತು, ಮರುದಿನವೂ ಅದೇ ಕುರ್ಚಿ ಕಾದಿತ್ತು.

ಕ್ಯಾಮೆರಾ ಇಲ್ಲದ ಬೀದಿಯಲ್ಲಿ ಇದೇ ಮಾತು ಕೇಳಿಸಿಕೊಂಡ ಫ್ರೀಲಾನ್ಸರ್‌ಗೆ ಆ ಬೆಂಬಲವಿಲ್ಲ. ಜಗಳಕ್ಕೆ ಬರುವವನಿಗೆ ಕೊರಳಲ್ಲಿನ ಪ್ರೆಸ್ ಕಾರ್ಡ್‌ಗಿಂತ ಮೊದಲು ಕಾಣುವುದು ಮುಖ. ಎಷ್ಟೋ ಫ್ರೀಲಾನ್ಸರ್‌ಗಳ ಬಳಿ ಆ ಕಾರ್ಡ್ ಕೂಡ ಇರುವುದಿಲ್ಲ. ಮಾಸ್ಕ್, ಸ್ಯಾನಿಟೈಸರ್, ಕಾರಿನ ಬಾಡಿಗೆ ಎಲ್ಲವೂ ಸ್ವಂತ ಖರ್ಚು. ಜೊತೆಗೊಬ್ಬರನ್ನು ಕರೆದೊಯ್ದರೆ ಸಿಗುವ ಸಂಭಾವನೆಯಲ್ಲಿ ಅವರಿಗೂ ಪಾಲು ಕೊಡಬೇಕು.

ಆನ್‌ಲೈನ್‌ನಲ್ಲೂ ನೆಮ್ಮದಿಯಿರಲಿಲ್ಲ. ಯುನೆಸ್ಕೊ ಮತ್ತು ಇಂಟರ್‌ನ್ಯಾಷನಲ್ ಸೆಂಟರ್ ಫಾರ್ ಜರ್ನಲಿಸ್ಟ್ಸ್ 2020ರಲ್ಲಿ ನಡೆಸಿದ ಜಾಗತಿಕ ಸಮೀಕ್ಷೆಯಲ್ಲಿ ಭಾಗವಹಿಸಿದ ಮಹಿಳಾ ಪತ್ರಕರ್ತರ ಪೈಕಿ ಶೇ 73ರಷ್ಟು ಮಂದಿ ಆನ್‌ಲೈನ್ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಸಿಬ್ಬಂದಿಯಾಗಿದ್ದರೆ ಸಂಸ್ಥೆಯ ಕಾನೂನು ವಿಭಾಗಕ್ಕೆ ಹೇಳಬಹುದು. ಫ್ರೀಲಾನ್ಸರ್ ಯಾರಿಗೆ ಹೇಳಬೇಕು? ಟ್ವಿಟರ್ ಖಾತೆಯನ್ನು ಮುಚ್ಚೋಣವೆಂದರೆ ಸಂಪಾದಕರು ಆಕೆಯನ್ನು ಹುಡುಕುತ್ತಿದ್ದ ಜಾಗವೂ ಅದೇ ಆಗಿತ್ತು.

ಬ್ರಿಟನ್‌ನ ದಕ್ಷಿಣ ಏಷ್ಯಾ ಮೂಲದ ಕುಟುಂಬಗಳ ಆತಂಕ ಬೇರೆಯದು. ವಯಸ್ಸು, ಲಿಂಗ, ಪ್ರದೇಶ, ಬಡತನದ ವ್ಯತ್ಯಾಸಗಳನ್ನು ಸರಿದೂಗಿಸಿದ ಮೇಲೂ ಬಾಂಗ್ಲಾದೇಶಿ ಮೂಲದವರು ಕೋವಿಡ್‌ನಿಂದ ಸಾಯುವ ಅಪಾಯ ಬಿಳಿಯ ಬ್ರಿಟಿಷರಿಗಿಂತ ಸುಮಾರು ಎರಡು ಪಟ್ಟು ಎಂದು ಪಬ್ಲಿಕ್ ಹೆಲ್ತ್ ಇಂಗ್ಲೆಂಡ್ 2020ರ ಜೂನ್‌ನಲ್ಲಿ ವರದಿ ಮಾಡಿತ್ತು. ಅಜ್ಜ-ಅಜ್ಜಿ, ಮಕ್ಕಳು ಒಂದೇ ಸೂರಿನಡಿ ಇರುವ ಮನೆಯಿಂದ ವರದಿಗೆ ಹೊರಟವಳು ಸೋಂಕು ತಂದರೆ ಹಿರಿಯರ ಜೀವಕ್ಕೇ ಕುತ್ತು. ಹೋಗದಿದ್ದರೆ ಆ ತಿಂಗಳ ಆದಾಯವಿಲ್ಲ.

ಅಟ್ಲಾಂಟಾ ಎತ್ತಿದ ಪ್ರಶ್ನೆ

2021ರ ಮಾರ್ಚ್ 16ರಂದು ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ, ಅಟ್ಲಾಂಟಾ ಮತ್ತು ಸುತ್ತಮುತ್ತಲಿನ ಮೂರು ಸ್ಪಾಗಳಲ್ಲಿ ಬಂದೂಕುಧಾರಿಯೊಬ್ಬ ಎಂಟು ಮಂದಿಯನ್ನು ಕೊಂದ. ಅವರಲ್ಲಿ ಆರು ಮಂದಿ ಏಷ್ಯಾ ಮೂಲದ ಮಹಿಳೆಯರು. ಆರೋಪಿಗೆ ಅದು ಕೆಟ್ಟ ದಿನವಾಗಿತ್ತು ಎಂಬರ್ಥದಲ್ಲಿ ಮಾತನಾಡಿದ ಸ್ಥಳೀಯ ಶೆರಿಫ್ ಕಚೇರಿಯ ವಕ್ತಾರ ತೀವ್ರ ಟೀಕೆಗೆ ಗುರಿಯಾದರು. ಮುಖ್ಯವಾಹಿನಿ ಮಾಧ್ಯಮಗಳು ಆರಂಭದಲ್ಲಿ ಪೊಲೀಸರ ಹೇಳಿಕೆಯನ್ನೇ ನೆಚ್ಚಿಕೊಂಡಿದ್ದಾಗ, ಕೊರಿಯನ್ ಭಾಷೆಯ ಪತ್ರಿಕೆಗಳು ಪ್ರತ್ಯಕ್ಷದರ್ಶಿಗಳನ್ನು ಅವರ ಭಾಷೆಯಲ್ಲೇ ಮಾತನಾಡಿಸಿದವು. ಸುದ್ದಿ ಇದ್ದದ್ದು ಅಲ್ಲಿ.

ಭಾಷೆ ಬಲ್ಲ ವರದಿಗಾರ್ತಿಯರ ಬೆಲೆ ಅರ್ಥವಾಗಬೇಕಾದ ಹೊತ್ತಿನಲ್ಲಿ ಆದದ್ದು ವಿಚಿತ್ರ. ಕೆಲವು ಸುದ್ದಿಮನೆಗಳಲ್ಲಿ ಏಷ್ಯಾ ಮೂಲದ ಪತ್ರಕರ್ತರಿಗೆ, ನೀವು ಈ ವಿಷಯಕ್ಕೆ ತೀರಾ ಹತ್ತಿರದವರು, ನಿಷ್ಪಕ್ಷಪಾತವಾಗಿ ಬರೆಯಲಾರಿರಿ ಎಂಬ ಮಾತು ಕೇಳಿಬಂತು. ಪತ್ರಕರ್ತರಿಂದ ಇಂಥ ದೂರುಗಳು ಬಂದಿವೆ ಎಂದ ಏಷ್ಯನ್ ಅಮೆರಿಕನ್ ಜರ್ನಲಿಸ್ಟ್ಸ್ ಅಸೋಸಿಯೇಷನ್, ಹಾಗೆ ಮಾಡಬೇಡಿ ಎಂದು ಸಂಪಾದಕರಿಗೆ ಹೇಳಿಕೆಯ ಮೂಲಕ ಎಚ್ಚರಿಸಿತು. ಮೃತರ ಹೆಸರುಗಳನ್ನು ಸರಿಯಾಗಿ ಉಚ್ಚರಿಸಲು ಕೈಪಿಡಿಯನ್ನೂ ಕೊಟ್ಟಿತು. ಹಿಂದಿನ ವರ್ಷ, ಜಾರ್ಜ್ ಫ್ಲಾಯ್ಡ್ ಹತ್ಯೆಯ ಬಳಿಕದ ಪ್ರತಿಭಟನೆಗಳ ವೇಳೆ, ಪಿಟ್ಸ್‌ಬರ್ಗ್ ಪೋಸ್ಟ್-ಗೆಜೆಟ್ ತನ್ನ ಕಪ್ಪು ವರ್ಣೀಯ ವರದಿಗಾರ್ತಿ ಅಲೆಕ್ಸಿಸ್ ಜಾನ್ಸನ್ ಅವರನ್ನು ಒಂದು ಟ್ವೀಟ್ ನೆಪದಲ್ಲಿ ಪ್ರತಿಭಟನೆಯ ವರದಿಯಿಂದ ದೂರವಿಟ್ಟಾಗಲೂ ಇದೇ ವಾದ ಎದ್ದಿತ್ತು.

ಈ ತರ್ಕದ ಪೊಳ್ಳುತನ ಕಾಣಲು ಕಷ್ಟಪಡಬೇಕಿಲ್ಲ. ಬೆಂಗಳೂರಿನ ನೀರಿನ ಸಮಸ್ಯೆಯನ್ನು ಬೆಂಗಳೂರಿಗರು ಬರೆಯಬಾರದು ಎಂದು ಯಾರೂ ಹೇಳುವುದಿಲ್ಲ. ಹತ್ತಿರದಿಂದ ಬಲ್ಲವರು ಎಂಬುದು ಅಲ್ಲಿ ಅರ್ಹತೆ. ಅಲ್ಪಸಂಖ್ಯಾತ ಸಮುದಾಯದ ಪತ್ರಕರ್ತೆಯ ವಿಷಯದಲ್ಲಿ ಅದೇ ಅರ್ಹತೆ ದೋಷವಾಗಿಬಿಡುತ್ತದೆ.

ಸಿಬ್ಬಂದಿಯ ಸ್ಥಿತಿಗೂ ಫ್ರೀಲಾನ್ಸರ್ ಸ್ಥಿತಿಗೂ ಇಲ್ಲಿ ಅಂತರವಿದೆ. ಸಿಬ್ಬಂದಿಗೆ ‘ನೀವು ಪಕ್ಷಪಾತಿ’ ಎಂದು ಹೇಳಿದರೆ ಅದಕ್ಕೊಂದು ಸಾಕ್ಷಿ ಇರುತ್ತದೆ, ಸಂಘಟನೆಗೆ ದೂರು ಕೊಡಬಹುದು. ಫ್ರೀಲಾನ್ಸರ್ ಕಳಿಸಿದ ಪ್ರಸ್ತಾವಕ್ಕೆ ಉತ್ತರವೇ ಬರುವುದಿಲ್ಲ. ವಿಷಯ ಇಷ್ಟವಾಗಲಿಲ್ಲವೋ, ಬಜೆಟ್ ಇಲ್ಲವೋ, ಹೆಸರು ನೋಡಿ ಅನುಮಾನ ಬಂತೋ ಆಕೆಗೆ ಎಂದೂ ತಿಳಿಯುವುದಿಲ್ಲ. ಇನ್ನೊಂದು ಕಡೆ, ಸುದ್ದಿ ಬಿಸಿಯಾಗಿದ್ದಾಗ ಆಕೆಗೆ ಬರುವ ಕರೆಗಳೇ ಬೇರೆ: ಈ ಸಾಲು ಅನುವಾದಿಸಿ ಕೊಡಿ, ಈ ಹೆಸರು ಹೇಗೆ ಹೇಳುವುದು ತಿಳಿಸಿ, ಆ ಕುಟುಂಬದ ಫೋನ್ ನಂಬರ್ ಸಿಗಬಹುದೇ. ಇಂಥ ಕೆಲಸಕ್ಕೆ ಹೆಸರೂ ಇಲ್ಲ, ಹಣವೂ ಇಲ್ಲ. ಸುದ್ದಿ ತಣ್ಣಗಾದ ಮೇಲೆ ಕರೆಗಳೂ ನಿಲ್ಲುತ್ತವೆ.

ಶಾಲೆ ಮುಚ್ಚಿದಾಗ ತೆರೆದದ್ದು ಯಾರ ಪಾಳಿ?

2020ರ ಸೆಪ್ಟೆಂಬರ್ ಒಂದೇ ತಿಂಗಳಲ್ಲಿ ಅಮೆರಿಕದ ಸುಮಾರು 8.65 ಲಕ್ಷ ಮಹಿಳೆಯರು ದುಡಿಯುವ ಪಡೆಯಿಂದ ಹೊರಬಿದ್ದರು. ಅದೇ ತಿಂಗಳು ಹೊರಬಿದ್ದ ಪುರುಷರ ಸಂಖ್ಯೆ ಸುಮಾರು 2.16 ಲಕ್ಷ. ಶಾಲಾ ವರ್ಷ ಆನ್‌ಲೈನ್‌ನಲ್ಲಿ ಶುರುವಾದ ಹೊತ್ತು ಅದು ಎಂಬುದು ಕಾಕತಾಳೀಯವೇನಲ್ಲ. ಕೋವಿಡ್ ಮಾಧ್ಯಮರಂಗದಲ್ಲಿ ಲಿಂಗ ಅಸಮಾನತೆಯನ್ನು ಹೆಚ್ಚಿಸಿದೆ ಎಂದು ಇಂಟರ್‌ನ್ಯಾಷನಲ್ ಫೆಡರೇಷನ್ ಆಫ್ ಜರ್ನಲಿಸ್ಟ್ಸ್‌ನ 2020ರ ಸಮೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪತ್ರಕರ್ತೆಯರು ಹೇಳಿದ್ದರು.

ಫ್ರೀಲಾನ್ಸರ್ ಮನೆಯಲ್ಲಿ ಇದು ಇನ್ನಷ್ಟು ಸೂಕ್ಷ್ಮ. ಗಂಡನಿಗೆ ತಿಂಗಳ ಸಂಬಳ, ಹೆಂಡತಿಗೆ ಬಿಡಿ ಲೇಖನದ ಹಣ. ಮಗುವಿನ ಆನ್‌ಲೈನ್ ಕ್ಲಾಸ್ ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ ಬಂದರೆ ಸಂಬಳದ ಕೆಲಸವೇ ಗೆಲ್ಲುತ್ತದೆ. ‘ನಿನ್ನದು ಹೇಗೂ ಮನೆಯಿಂದಲೇ ಮಾಡುವ ಕೆಲಸವಲ್ಲವೇ’ ಎಂಬ ಮಾತಿಗೆ ಉತ್ತರ ಕೊಡುವುದು ಕಷ್ಟ. ಹೀಗೆ ಕೈತಪ್ಪಿದ ಲೇಖನ ಯಾವ ನಿರುದ್ಯೋಗದ ಅಂಕಿಗೂ ಸೇರುವುದಿಲ್ಲ. ಬರೆಯದ ಲೇಖನಕ್ಕೆ ಸಂಬಳಚೀಟಿ ಇಲ್ಲವಲ್ಲ.

ಪಾಸ್‌ಪೋರ್ಟ್ ಎಂಬ ಇನ್ನೊಂದು ಗೋಡೆ

ವೀಸಾ ಪ್ರಶ್ನೆ ಮಹಾಮಾರಿಯ ಆರಂಭದಿಂದಲೇ ಇತ್ತು. ಚೀನಾ ಮತ್ತು ಅಮೆರಿಕ ಪರಸ್ಪರ ಪತ್ರಕರ್ತರನ್ನು ಗುರಿಯಾಗಿಸಿಕೊಂಡು ಕ್ರಮ ಕೈಗೊಳ್ಳುತ್ತಿದ್ದಾಗ, 2020ರ ಮೇನಲ್ಲಿ ಅಮೆರಿಕ ಚೀನೀ ಪತ್ರಕರ್ತರ ವಾಸ್ತವ್ಯವನ್ನು 90 ದಿನಗಳಿಗೆ ಇಳಿಸಿತು. ಅದೇ ವರ್ಷ ಸರ್ಕಾರಿ ಅನುದಾನಿತ ವಾಯ್ಸ್ ಆಫ್ ಅಮೆರಿಕದ ಮೇಲುಸ್ತುವಾರಿ ಸಂಸ್ಥೆಗೆ ಹೊಸ ಮುಖ್ಯಸ್ಥರು ಬಂದ ಮೇಲೆ ಹತ್ತಾರು ವಿದೇಶಿ ಪತ್ರಕರ್ತರ ವೀಸಾ ನವೀಕರಣಕ್ಕೆ ತಡೆ ಬಿತ್ತು. ಮ್ಯಾಂಡರಿನ್, ಕೊರಿಯನ್, ಬರ್ಮೀಸ್, ಉರ್ದು, ಬಾಂಗ್ಲಾದಂಥ ಭಾಷಾ ವಿಭಾಗಗಳು ಆಗ ನಿಂತಿದ್ದುದೇ ಇಂಥವರ ಮೇಲೆ. ಐದು ವರ್ಷಗಳ ನಂತರ, 2025ರ ಮೇನಲ್ಲಿ, ಆ ವಾಹಿನಿಯನ್ನು ಕುಗ್ಗಿಸುವ ಭಾಗವಾಗಿ ಸುಮಾರು 600 ಗುತ್ತಿಗೆದಾರರನ್ನು ತೆಗೆದುಹಾಕುವ ನೋಟಿಸ್ ಹೊರಟಿತು. ಕೆಲಸದ ವೀಸಾದ ಮೇಲಿದ್ದವರಿಗೆ ಕೆಲಸ ಹೋಗುವುದೆಂದರೆ ಆ ದೇಶದಲ್ಲಿ ಉಳಿಯುವ ಹಕ್ಕೂ ಹೋದಂತೆ.

ಭಾರತ ಮೂಲದವರಿಗೆ ಇಂಥದೇ ತೊಡಕು ತಾಯ್ನಾಡಿನಿಂದಲೂ ಬಂತು. ಒಸಿಐ ಕಾರ್ಡ್ ಇದ್ದವರು ಭಾರತದಲ್ಲಿ ಪತ್ರಿಕೋದ್ಯಮ ಚಟುವಟಿಕೆ ನಡೆಸಲು ವಿಶೇಷ ಅನುಮತಿ ಪಡೆಯಬೇಕು ಎಂದು ಕೇಂದ್ರ ಗೃಹ ಸಚಿವಾಲಯದ 2021ರ ಮಾರ್ಚ್ 4ರ ಅಧಿಸೂಚನೆ ಹೇಳಿತು. ಮುಂದಿನ ಎರಡು ತಿಂಗಳಲ್ಲೇ ಎರಡನೇ ಅಲೆ ಅಪ್ಪಳಿಸಿತು. ಊರಿನ ಭಾಷೆ ಬಲ್ಲ, ಇಲ್ಲೇ ಬಂಧುಬಳಗವಿರುವ, ಆದರೆ ವಿದೇಶಿ ಪಾಸ್‌ಪೋರ್ಟ್ ಇರುವ ಫ್ರೀಲಾನ್ಸ್ ಪತ್ರಕರ್ತೆ ತಾಯಿಯ ಆರೈಕೆಗೆ ಬೆಂಗಳೂರಿಗೋ ಹುಬ್ಬಳ್ಳಿಗೋ ಬಂದಿದ್ದರೂ ಕಣ್ಣೆದುರಿನ ಆಸ್ಪತ್ರೆಯ ಬಗ್ಗೆ ವರದಿ ಬರೆಯುವ ಮುನ್ನ ಅನುಮತಿಗೆ ಅರ್ಜಿ ಹಾಕಬೇಕು. ಅಲ್ಲಿ ಹೊರಗಿನವಳು, ಇಲ್ಲಿಯೂ ಹೊರಗಿನವಳು.

ಕನ್ನಡಿ ಇತ್ತಲೂ ತಿರುಗುತ್ತದೆ

ಇದೆಲ್ಲ ದೂರದ ದೇಶದ ಕತೆ ಎಂದು ಓದಿ ಮುಗಿಸುವಂತಿಲ್ಲ. ಮುಖ ನೋಡಿ ವೈರಸ್ ಎಂದು ಕರೆಯುವ ಚಾಳಿ ಭಾರತದಲ್ಲೂ ಕಂಡಿತು. ಈಶಾನ್ಯ ರಾಜ್ಯಗಳ ಜನರಿಗೆ ಕೊರೊನಾ ಹೆಸರಲ್ಲಿ ಕಿರುಕುಳ ಕೊಡುವವರ ಮೇಲೆ ಕ್ರಮ ಕೈಗೊಳ್ಳಿ ಎಂದು ಗೃಹ ಸಚಿವಾಲಯ 2020ರ ಮಾರ್ಚ್ 21ರಂದು ರಾಜ್ಯಗಳಿಗೆ ಬರೆಯಬೇಕಾಯಿತು. ಮರುದಿನವೇ ದೆಹಲಿಯಲ್ಲಿ ಮಣಿಪುರದ ಯುವತಿಯೊಬ್ಬಳ ಮೇಲೆ ಒಬ್ಬ ಉಗುಳಿದ. ಅದೇ ತಿಂಗಳ ಕೊನೆಯಲ್ಲಿ ಮೈಸೂರಿನ ಸೂಪರ್ ಮಾರ್ಕೆಟ್ ಒಂದರಲ್ಲಿ ನಾಗಾಲ್ಯಾಂಡ್‌ನ ವಿದ್ಯಾರ್ಥಿಗಳನ್ನು ಒಳಗೆ ಬಿಡಲಿಲ್ಲ. ವಿಡಿಯೊ ಹರಡಿದ ಮೇಲೆ ಪೊಲೀಸರು ಪ್ರಕರಣ ದಾಖಲಿಸಿದರು.

ಫ್ರೀಲಾನ್ಸರ್‌ಗಳ ಸ್ಥಿತಿಯೂ ಇಲ್ಲಿ ಮೇಲಿರಲಿಲ್ಲ. 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆ ಪತ್ರಿಕಾ ಸಂಸ್ಥೆಯ ಉದ್ಯೋಗದಲ್ಲಿರುವವರ ಸುತ್ತ ಹೆಣೆದದ್ದಾಗಿತ್ತು. ಕೇಂದ್ರ ಸರ್ಕಾರದ 2022ರ ಮಾನ್ಯತಾ ಮಾರ್ಗಸೂಚಿಯಲ್ಲಿ ಸಿಬ್ಬಂದಿ ಪತ್ರಕರ್ತರಿಗೆ ಐದು ವರ್ಷದ ಅನುಭವ ಸಾಕು, ಫ್ರೀಲಾನ್ಸರ್‌ಗೆ 15 ವರ್ಷ ಬೇಕು. 2021ರ ಮೇನಲ್ಲಿ ಕರ್ನಾಟಕ ಸರ್ಕಾರ ಪತ್ರಕರ್ತರನ್ನು ಕೋವಿಡ್ ಮುಂಚೂಣಿ ಕಾರ್ಯಕರ್ತರೆಂದು ಘೋಷಿಸಿದ್ದು ಒಳ್ಳೆಯ ತೀರ್ಮಾನ. ಆದರೆ ಇಂಥ ಯಾವ ಪಟ್ಟಿಗೆ ಸೇರಲೂ ಗುರುತಿನ ಚೀಟಿ ಬೇಕು. ಮೂರು ಪತ್ರಿಕೆಗಳಿಗೆ ಬರೆಯುವ, ಯಾರ ಸಿಬ್ಬಂದಿಯೂ ಅಲ್ಲದ ಮಹಿಳೆಗೆ ಆ ಚೀಟಿ ಕೊಡುವವರು ಯಾರು ಎಂಬ ಪ್ರಶ್ನೆ ಬೆಂಗಳೂರಿಗೂ ಮುಂಬೈಗೂ ಒಂದೇ.

ಬದಲಾದದ್ದು, ಬದಲಾಗದ್ದು

ಏನೂ ಆಗಿಲ್ಲ ಎನ್ನಲಾಗದು. ಇಂಟರ್‌ನ್ಯಾಷನಲ್ ವಿಮೆನ್ಸ್ ಮೀಡಿಯಾ ಫೌಂಡೇಷನ್ 2020ರಲ್ಲಿ ಸಂಕಷ್ಟದಲ್ಲಿದ್ದ ಪತ್ರಕರ್ತೆಯರಿಗೆ 2,000 ಡಾಲರ್‌ವರೆಗಿನ ನೆರವು ಕೊಟ್ಟಿತು. ಲಂಡನ್‌ನ ರೋರಿ ಪೆಕ್ ಟ್ರಸ್ಟ್ ಫ್ರೀಲಾನ್ಸರ್‌ಗಳಿಗೆಂದೇ ಕೋವಿಡ್ ನಿಧಿ ತೆರೆಯಿತು. ಕೋವಿಡ್ ಸಂಬಂಧಿತ ದ್ವೇಷಾಪರಾಧಗಳ ಪರಿಶೀಲನೆಯನ್ನು ಚುರುಕುಗೊಳಿಸುವ ಕಾಯ್ದೆಗೆ ಬೈಡನ್ 2021ರ ಮೇ 20ರಂದು ಸಹಿ ಹಾಕಿದರು.

ಬಾಕಿ ಹಣದ ವಿಷಯದಲ್ಲಿ ಇನ್ನೂ ಗಟ್ಟಿಯಾದ ಹೆಜ್ಜೆಗಳಿವೆ. ಲಿಖಿತ ಒಪ್ಪಂದ ಮತ್ತು 30 ದಿನಗಳೊಳಗೆ ಪಾವತಿ ಕಡ್ಡಾಯಗೊಳಿಸಿದ ನ್ಯೂಯಾರ್ಕ್ ನಗರದ 2017ರ ಕಾನೂನಿನ ಮಾದರಿ 2024ರ ಆಗಸ್ಟ್‌ನಿಂದ ಇಡೀ ನ್ಯೂಯಾರ್ಕ್ ರಾಜ್ಯಕ್ಕೆ, 2025ರ ಜನವರಿಯಿಂದ ಕ್ಯಾಲಿಫೋರ್ನಿಯಾಕ್ಕೆ ವಿಸ್ತರಿಸಿದೆ.

ಉಳಿದದ್ದು ಅಪಾಯದ ಹಂಚಿಕೆ. ಫ್ರೀಲಾನ್ಸರ್‌ಗಳ ಸುರಕ್ಷತೆಗೂ ಸಿಬ್ಬಂದಿಯಷ್ಟೇ ಗಮನ ಕೊಡಬೇಕು ಎಂಬ ಜಾಗತಿಕ ತತ್ವಗಳಿಗೆ ಹಲವು ದೊಡ್ಡ ಸುದ್ದಿಸಂಸ್ಥೆಗಳು 2015ರಲ್ಲೇ ಒಪ್ಪಿಗೆ ಸೂಚಿಸಿದ್ದವು. ಸಿರಿಯಾದಂಥ ಯುದ್ಧಭೂಮಿಯನ್ನು ಮನಸ್ಸಿನಲ್ಲಿಟ್ಟು ಬರೆದ ತತ್ವಗಳವು. ಸ್ವಂತ ಊರಿನ ಬಸ್ ನಿಲ್ದಾಣವೂ ಒಬ್ಬ ವರದಿಗಾರ್ತಿಗೆ ಅಪಾಯದ ಜಾಗವಾಗಬಹುದು ಎಂಬುದನ್ನು ಕೋವಿಡ್ ತೋರಿಸಿತು. ಕೆಲಸ ಒಪ್ಪಿಸುವಾಗಲೇ ಸುರಕ್ಷತೆಯ ಖರ್ಚನ್ನು ಸೇರಿಸುವುದು, ಬೆದರಿಕೆ ಬಂದರೆ ಲೇಖನ ಪ್ರಕಟಿಸಿದ ಸಂಸ್ಥೆಯೇ ಕಾನೂನು ನೆರವು ನೀಡುವುದು, ಅನುವಾದ ಮತ್ತು ಸಂಪರ್ಕದ ಕೆಲಸಕ್ಕೂ ದರ ನಿಗದಿಪಡಿಸುವುದು, ಪ್ರಸ್ತಾವ ತಿರಸ್ಕರಿಸಿದರೆ ಒಂದು ಸಾಲಿನ ಕಾರಣ ಕೊಡುವುದು. ಇವಕ್ಕೆ ಹೊಸ ಕಾನೂನು ಬೇಕಿಲ್ಲ, ಸಂಪಾದಕರ ಮನಸ್ಸು ಸಾಕು. ಸರ್ಕಾರಗಳು ಮಾಡಬೇಕಾದದ್ದು ಬೇರೆ: ಮುಂದಿನ ತುರ್ತಿನಲ್ಲಿ ನೆರವನ್ನು ಸಂಬಳಚೀಟಿಗೆ ಕಟ್ಟಿಹಾಕದೆ ಒಟ್ಟು ಆದಾಯದ ಮೇಲೆ ಕೊಡುವುದು, ಹೆರಿಗೆಯ ವರ್ಷವನ್ನು ಲೆಕ್ಕದಿಂದ ಹೊರಗಿಡುವುದು.

ನಷ್ಟ ಬರೀ ಆ ಪತ್ರಕರ್ತೆಯರದ್ದಲ್ಲ. ಕೋವಿಡ್ ಕಾಲದಲ್ಲಿ ಯಾರು ಸತ್ತರು, ಯಾರ ಅಂಗಡಿ ಮುಚ್ಚಿತು, ಯಾರಿಗೆ ಬಸ್ಸಿನಲ್ಲಿ ಉಗುಳಿದರು ಎಂಬುದರ ದಾಖಲೆ ಆಗ ಬರೆದ ವರದಿಗಳಲ್ಲಿದೆ. ಬರೆಯಲಾಗದೆ ಉಳಿದದ್ದು ಇನ್ನು ಸಿಗುವುದಿಲ್ಲ. 240 ದಿನಗಳ ವೀಸಾ ನಿಯಮ ಜಾರಿಗೆ ಬಂದರೆ ಏಷ್ಯಾದ ಭಾಷೆಗಳನ್ನು ಬಲ್ಲ ಇನ್ನಷ್ಟು ಫ್ರೀಲಾನ್ಸ್ ಪತ್ರಕರ್ತೆಯರು ಮೂಟೆ ಕಟ್ಟಬೇಕಾಗಬಹುದು. ಮುಂದಿನ ಸಾಂಕ್ರಾಮಿಕ ಬಂದಾಗ ಪ್ರತ್ಯಕ್ಷದರ್ಶಿಯ ಮನೆಬಾಗಿಲು ತಟ್ಟಿ, ಅವರ ಭಾಷೆಯಲ್ಲೇ ಮಾತನಾಡಿಸಬಲ್ಲವರು ಆಗ ಆ ಊರಿನಲ್ಲಿ ಇರುತ್ತಾರೆಯೇ ಎಂಬುದು ಈಗ ತೀರ್ಮಾನವಾಗುತ್ತಿದೆ.